ಹರ್ನಿಯಾ: ಉದರಭಿತ್ತಿಯಲ್ಲೊಂದು ರಂಧ್ರ

ಸೈಕಲ್ಲಿನ ಹಳೆಯ ಟಯರು ಒಂದೆಡೆ ಹರಿದರೆ ಏನಾಗುವುದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಒಳಗಿನ ಟ್ಯೂಬು ಆ ಹರಕಿನ ಮೂಲಕ ಗುಳ್ಳೆಯಂತೆ ಹೊರಕ್ಕೆ ಉಬ್ಬುತ್ತದೆ. ದೋಷವು ಟ್ಯೂಬಿನದಲ್ಲ; ಒಳಗಿನ ಒತ್ತಡವನ್ನು ತಡೆದು ನಿಲ್ಲಬೇಕಾದ ಹೊರಭಿತ್ತಿ ಒಂದು ಕಡೆ ಸೋತಿದೆ, ಅಷ್ಟೆ. ಬೆಳಗಾವಿಯ ನಮ್ಮ ತರಗತಿಯಲ್ಲಿ ಒತ್ತಡದ ಪಾಠ ಮಾಡುತ್ತ ಈ ದೃಷ್ಟಾಂತವನ್ನು ಕೊಟ್ಟ ದಿನ, ಖಾನಾಪುರ ತಾಲ್ಲೂಕಿನಿಂದ ಬರುವ ವಿದ್ಯಾರ್ಥಿಯೊಬ್ಬನು ಪಾಠ ಮುಗಿದ ಬಳಿಕ ಹಿಂದೆ ಉಳಿದನು. ಅವನ ತಂದೆಗೆ ಎರಡು ವರ್ಷಗಳಿಂದ ತೊಡೆಸಂದಿನಲ್ಲಿ ಅಂಥದೇ ಒಂದು ಉಬ್ಬು ಇದೆಯಂತೆ. ಮಲಗಿದರೆ ಅದು ಮಾಯವಾಗುವುದು. ಭತ್ತದ ಚೀಲ ಎತ್ತಿದರೆ ಮರಳಿ ಮೂಡುವುದು. ನಾಚಿಕೆಯಿಂದ ಯಾರಿಗೂ ಹೇಳದೆ, ಪಟ್ಟಿಯೊಂದನ್ನು ಬಿಗಿದುಕೊಂಡು ಅವರು ದುಡಿಯುತ್ತಿದ್ದರು. ಪಟ್ಟಿಯಿಂದ ಅದು ವಾಸಿಯಾಗುವುದೇ ಎಂಬುದು ಹುಡುಗನ ಪ್ರಶ್ನೆ. ನಾವು ವೈದ್ಯರಲ್ಲ, ಆದರೆ ಈ ಪ್ರಶ್ನೆಯ ಅರ್ಧಭಾಗ ಭೌತಶಾಸ್ತ್ರದ್ದೇ ಆಗಿರುವುದರಿಂದ ಅದನ್ನು ಇಲ್ಲಿ ವಿಚಾರಿಸೋಣ.

ಉದರವು ಕರುಳು ಮೊದಲಾದ ಅವಯವಗಳನ್ನು ಒಳಗೊಂಡ ಒಂದು ಚೀಲ. ಅದರ ಮುಂಭಾಗದ ಭಿತ್ತಿಯು ಸ್ನಾಯುಗಳ ಪದರಗಳಿಂದಲೂ ಗಟ್ಟಿಯಾದ ತಂತುಪೊರೆಗಳಿಂದಲೂ ಆದುದು. ಈ ಭಿತ್ತಿಯಲ್ಲಿ ಕೆಲವು ದುರ್ಬಲ ಸ್ಥಾನಗಳುಂಟು. ಗಂಡುಶಿಶು ಗರ್ಭದಲ್ಲಿರುವಾಗ ವೃಷಣಗಳು ಉದರದಿಂದ ಕೆಳಗಿಳಿದು ಬರುವ ದಾರಿ ತೊಡೆಸಂದಿನಲ್ಲಿದೆ. ಹೊಕ್ಕುಳು ಇನ್ನೊಂದು ಸ್ಥಾನ. ಹಿಂದೆ ಶಸ್ತ್ರಕ್ರಿಯೆಯಾದ ಗಾಯದ ಕಲೆ ಮತ್ತೊಂದು. ಇಂಥ ಸ್ಥಾನದ ಮೂಲಕ ಕರುಳಿನ ಮಡಿಕೆಯೋ ಕೊಬ್ಬಿನ ಪೊರೆಯೋ ಹೊರಚಾಚಿಕೊಂಡರೆ ಅದೇ ಹರ್ನಿಯಾ. ನಮ್ಮ ಪ್ರಾಚೀನ ವೈದ್ಯರು ಇದನ್ನು ಅಂತ್ರವೃದ್ಧಿ ಎಂದರು. ಅತಿಭಾರ ಹೊರುವುದನ್ನು ಸುಶ್ರುತ ಸಂಹಿತೆಯು ಇದರ ಕಾರಣಗಳಲ್ಲಿ ಎಣಿಸಿದೆ. ಎಲ್ಲಕ್ಕಿಂತ ಸಾಮಾನ್ಯವಾದುದು ತೊಡೆಸಂದಿನ ಹರ್ನಿಯಾ. ಸುಮಾರು ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಇದು ಬರುತ್ತದೆ. ಇಷ್ಟು ಜನರಿಗೆ ಬರುವ ರೋಗದಲ್ಲಿ ನಾಚಬೇಕಾದುದೇನೂ ಇಲ್ಲ.

ಇನ್ನು ಒತ್ತಡದ ಲೆಕ್ಕವನ್ನು ನೋಡೋಣ. ಸುಮ್ಮನೆ ಮಲಗಿದಾಗ ಉದರದೊಳಗಿನ ಒತ್ತಡ ಪಾದರಸದ ಕೆಲವೇ ಮಿಲಿಮೀಟರುಗಳಷ್ಟು. ನಿಂತಾಗ ಸುಮಾರು 20. ಬಲವಾಗಿ ಕೆಮ್ಮಿದ ಕ್ಷಣದಲ್ಲಿ 100ನ್ನೂ ಮೀರಬಹುದು. ಮಲಗಿದಾಗ ಉಬ್ಬು ಮಾಯವಾಗುವುದೇಕೆಂಬುದು ಇದರಿಂದಲೇ ತಿಳಿಯುತ್ತದೆ. 100 ಮಿ.ಮೀ. ಒತ್ತಡವೆಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 136 ಗ್ರಾಂ ತೂಕ. ರಂಧ್ರದ ವ್ಯಾಸ 2 ಸೆಂ.ಮೀ. ಆಗಿದ್ದರೆ ಅದರ ಕ್ಷೇತ್ರಫಲ 3.14 ಚ.ಸೆಂ.ಮೀ.; ಅದನ್ನು ಹೊರದಬ್ಬುವ ಬಲ ಸುಮಾರು 430 ಗ್ರಾಂ ತೂಕ. ರಂಧ್ರವು 4 ಸೆಂ.ಮೀ.ಗೆ ಹಿಗ್ಗಿದರೆ ಬಲವು ಇಮ್ಮಡಿಯಲ್ಲ, ನಾಲ್ಮಡಿಯಾಗಿ ಸುಮಾರು 1.7 ಕಿಲೋಗ್ರಾಂ ತೂಕವಾಗುವುದು. ರಂಧ್ರ ಹಿಗ್ಗಿದಷ್ಟೂ ಅದನ್ನು ಹಿಗ್ಗಿಸುವ ಬಲವೂ ಬೆಳೆಯುತ್ತದೆ. ಬಹುಕಾಲದ ಕೆಮ್ಮು, ಮಲಬದ್ಧತೆ, ಭಾರವಾದ ಹೊರೆ ಇವೆಲ್ಲ ಈ ಕೆಲಸಕ್ಕೆ ದಿನವೂ ನೆರವಾಗುತ್ತವೆ.

ಪಟ್ಟಿ ಕಟ್ಟುವುದೆಂದರೆ ಟಯರಿನ ಹರಕಿಗೆ ಹೊರಗಿನಿಂದ ಬಟ್ಟೆ ಸುತ್ತಿದಂತೆ. ಉಬ್ಬು ಕೊಂಚ ಹೊತ್ತು ಅಡಗೀತು. ಹರಕು ಹಾಗೆಯೇ ಉಳಿಯುವುದು. ರಂಧ್ರವನ್ನು ಮುಚ್ಚುವ ಗುಳಿಗೆಯಾಗಲಿ ಲೇಪವಾಗಲಿ ಇಲ್ಲ. ಎಳೆಯ ಮಕ್ಕಳ ಹೊಕ್ಕುಳ ಹರ್ನಿಯಾ ಮಾತ್ರ ಬಹುಮಟ್ಟಿಗೆ ನಾಲ್ಕೈದು ವರ್ಷಗಳೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಕ್ಕಳ ತೊಡೆಸಂದಿನ ಹರ್ನಿಯಾ ಹಾಗಲ್ಲ, ಅದಕ್ಕೆ ಶಸ್ತ್ರಕ್ರಿಯೆಯೇ ಬೇಕು.

ಹೊರಬಂದ ಕರುಳು ಮರಳಿ ಒಳಹೋಗದೆ ರಂಧ್ರದ ಕತ್ತಿನಲ್ಲಿ ಸಿಕ್ಕಿಕೊಂಡಾಗ ನಿಜವಾದ ಅಪಾಯ ಒದಗುತ್ತದೆ. ಅಪಧಮನಿಯಲ್ಲಿ ರಕ್ತದ ಒತ್ತಡ ಹೆಚ್ಚು, ಅಭಿಧಮನಿಯಲ್ಲಿ ಕಡಿಮೆ. ಆದುದರಿಂದ ಹಿಡಿತ ಬಿಗಿಯಾದಾಗ ಮೊದಲು ಮುಚ್ಚುವುದು ಅಭಿಧಮನಿ. ರಕ್ತ ಒಳಬರುತ್ತದೆ, ಹೊರಹೋಗಲಾರದು; ಕರುಳು ಬಾತು ಹಿಡಿತ ಇನ್ನಷ್ಟು ಬಿಗಿಯುತ್ತದೆ. ಕೊನೆಗೆ ಅಪಧಮನಿಯೂ ಮುಚ್ಚಿ, ಕೆಲವೇ ಗಂಟೆಗಳಲ್ಲಿ ಆ ಭಾಗದ ಕರುಳು ಸಾಯುತ್ತದೆ. ಉಬ್ಬು ಗಟ್ಟಿಯಾಗಿ ಒಳಸರಿಯದಿರುವುದು, ತೀವ್ರವಾದ ನೋವು, ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ವಾಯು ನಿಂತುಹೋಗುವುದು ಇದರ ಲಕ್ಷಣಗಳು. ಆಗ ಉಬ್ಬನ್ನು ತಿಕ್ಕುತ್ತಲೋ ಒತ್ತುತ್ತಲೋ ಕೂಡದೆ, ಏನನ್ನೂ ತಿನ್ನದೆ ಕುಡಿಯದೆ, ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಶಸ್ತ್ರಕ್ರಿಯೆಯ ಇತಿಹಾಸವೂ ಭೌತಶಾಸ್ತ್ರದ ಪಾಠದಂತಿದೆ. ಇಟಲಿಯ ಎಡೋವಾರ್ಡೊ ಬಸ್ಸೀನಿ 1884ರಲ್ಲಿ ಉದರಭಿತ್ತಿಯ ಪದರಗಳನ್ನು ಕ್ರಮವಾಗಿ ಹೊಲಿದು ಬಲಪಡಿಸುವ ವಿಧಾನವನ್ನು ಆರಂಭಿಸಿದನು. ಆದರೆ ದೂರವಿರುವ ಎರಡು ಅಂಚುಗಳನ್ನು ಎಳೆದು ಹೊಲಿದರೆ ಹೊಲಿಗೆಯ ಮೇಲೆ ಸದಾ ಎಳೆತವಿರುತ್ತದೆ. ಕೆಲವರಲ್ಲಿ ಅದು ಬಿಟ್ಟುಕೊಳ್ಳುತ್ತದೆ. 1980ರ ದಶಕದಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್ ಅಂಚುಗಳನ್ನು ಎಳೆಯದೆ, ಪಾಲಿಪ್ರೊಪಿಲೀನಿನ ಬಲೆಯೊಂದನ್ನು ತೇಪೆಯಾಗಿ ಹೊಂದಿಸುವ ಕ್ರಮವನ್ನು ರೂಢಿಗೆ ತಂದನು. ದೇಹದ ತಂತುಗಳು ಬಲೆಯ ಕಣ್ಣುಗಳಲ್ಲಿ ಬೆಳೆದು ಅದನ್ನು ಭಿತ್ತಿಯ ಅಂಗವನ್ನಾಗಿಸುತ್ತವೆ. ಈಗ ದುರ್ಬೀನಿನ ನೆರವಿನಿಂದ ಸಣ್ಣ ರಂಧ್ರಗಳ ಮೂಲಕ ಬಲೆಯನ್ನು ಭಿತ್ತಿಯ ಒಳಮಗ್ಗುಲಲ್ಲಿಯೂ ಇಡುತ್ತಾರೆ. ಸೈಕಲ್ ರಿಪೇರಿಯವನು ಹರಿದ ಟಯರಿನ ಒಳಗೆ ಹಳೆಯ ಟಯರಿನ ತುಂಡನ್ನು ಇಡುವುದಿಲ್ಲವೆ? ಅಲ್ಲಿಯಂತೆ ಇಲ್ಲಿಯೂ ಒಳಗಿನ ಒತ್ತಡವೇ ತೇಪೆಯನ್ನು ಭಿತ್ತಿಗೆ ಒತ್ತಿ ಹಿಡಿಯುತ್ತದೆ.

ಬಲೆಯ ಬೆಲೆ ಬಡವರಿಗೆ ಹೊರೆಯಾದುದನ್ನು ಕಂಡು, ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ಟೋಣಗಾಂವಕರ ಅವರು ಸೊಳ್ಳೆಪರದೆಯ ಪ್ಲಾಸ್ಟಿಕ್ ಬಟ್ಟೆಯನ್ನು ಕ್ರಿಮಿಶುದ್ಧಿಗೊಳಿಸಿ ಬಳಸಿದರು; 2003ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಉಗಾಂಡದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದು ವರ್ಷದ ಬಳಿಕ ಇಂಥ ಅಗ್ಗದ ಬಲೆಯೂ ದುಬಾರಿ ಬಲೆಯೂ ಸಮನಾಗಿ ನಿಂತಿದ್ದವು.

ಎಲ್ಲರೂ ನಾಳೆಯೇ ಶಸ್ತ್ರಕ್ರಿಯೆಗೆ ಧಾವಿಸಬೇಕೆ? ಹಾಗೇನಿಲ್ಲ. ಹೆಚ್ಚು ತೊಂದರೆ ಕೊಡದ ತೊಡೆಸಂದಿನ ಹರ್ನಿಯಾ ಇರುವ ಗಂಡಸರು ವೈದ್ಯರ ನಿಗಾದಲ್ಲಿ ಕಾಯಬಹುದೆಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸಿಕ್ಕಿಕೊಳ್ಳುವ ಸಂಭವ ಅಂಥವರಲ್ಲಿ ಬಹಳ ಕಡಿಮೆ. ಆದರೆ ಕಾದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಹತ್ತು ವರ್ಷಗಳೊಳಗೆ, ಹೆಚ್ಚಾಗಿ ನೋವಿನ ದೆಸೆಯಿಂದ, ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಹೆಂಗಸರಲ್ಲಿ ತೊಡೆಯ ಮೇಲ್ಭಾಗದ ಹರ್ನಿಯಾ ಬೇಗ ಸಿಕ್ಕಿಕೊಳ್ಳುವುದರಿಂದ ಅವರು ಕಾಯುವುದು ತರವಲ್ಲ.

ಕಾಯುವವರು ತಾವು ಎಲ್ಲಿ ಕಾಯುತ್ತಿದ್ದೇವೆಂಬುದನ್ನೂ ನೆನೆಯಬೇಕು. ಬೆಳಗಾವಿಯಲ್ಲಿ ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆಯಿದೆ, ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಿದೆ. ಖಾನಾಪುರ ಪಟ್ಟಣದಿಂದ ಅಲ್ಲಿಗೆ ಸುಮಾರು 26 ಕಿ.ಮೀ. ಆದರೆ ಭೀಮಗಡದ ಕಾಡಿನೊಳಗಿನ ಹಳ್ಳಿಗಳ ಮಾತು ಬೇರೆ. 2024ರ ಮಳೆಗಾಲದಲ್ಲಿ ಆಮಗಾಂವದಿಂದ ರೋಗಿಯೊಬ್ಬರನ್ನು ಗ್ರಾಮಸ್ಥರು ಕಾಡುದಾರಿಯಲ್ಲಿ ಹೆಗಲ ಮೇಲೆ ಹೊತ್ತು ತರಬೇಕಾಯಿತು. ಸಿಕ್ಕಿಕೊಂಡ ಕರುಳು ಹಳ್ಳ ಇಳಿಯುವವರೆಗೆ ಕಾಯುವುದಿಲ್ಲ.

ನಾವು ಆ ಹುಡುಗನಿಗೆ ಹೇಳಿದ್ದಿಷ್ಟೆ: ಪಟ್ಟಿಯನ್ನು ನಂಬದೆ, ಮಳೆಗಾಲಕ್ಕೆ ಮುಂಚೆ ತಂದೆಯನ್ನು ಶಸ್ತ್ರವೈದ್ಯರಲ್ಲಿಗೆ ಕರೆತರಬೇಕು. ಉಬ್ಬು ಸುಲಭವಾಗಿ ಒಳಸರಿಯುತ್ತಿರುವಾಗ ಇದು ದಿನ ಗೊತ್ತುಮಾಡಿ ಮಾಡಿಸಿಕೊಳ್ಳುವ ಸಾಮಾನ್ಯ ಶಸ್ತ್ರಕ್ರಿಯೆ. ಬಹುಮಂದಿ ಅಂದೇ ಅಥವಾ ಮರುದಿನವೇ ಎದ್ದು ನಡೆಯುತ್ತಾರೆ. ಸಿಕ್ಕಿಕೊಂಡ ಮೇಲೆ ದಿನವನ್ನು ಗೊತ್ತುಮಾಡುವುದು ನಮ್ಮ ಕೈಯಲ್ಲಿರುವುದಿಲ್ಲ. ಮೇ ತಿಂಗಳಲ್ಲಿ ತಂದೆಮಕ್ಕಳಿಬ್ಬರೂ ಬೆಳಗಾವಿಗೆ ಬಂದರು.