ಅಳಿವೆಯಲ್ಲಿ ಪಕ್ಷಿದರ್ಶನ

ಅಮರಕೋಶದ ಸಿಂಹಾದಿವರ್ಗವನ್ನು ಕಂಠಪಾಠ ಮಾಡಿದವರಿಗೆ ಹಕ್ಕಿಗಳ ಹೆಸರಿಗೆ ಬಡತನವಿಲ್ಲ. ಕುರರ, ಟಿಟ್ಟಿಭ, ಕೋಯಷ್ಟಿ ಎಂದು ಸರಾಗವಾಗಿ ಒಪ್ಪಿಸಬಹುದು. ಆದರೆ ಕುರರವೆಂದರೆ ನೀರಿನ ಮೇಲೆ ಕ್ಷಣಕಾಲ ತೂಗಿ ನಿಂತು, ಕಾಲುಗಳನ್ನು ಮುಂಚಾಚಿ ಮೀನಿನ ಮೇಲೆರಗುವ ಪಕ್ಷಿಯೆಂಬುದನ್ನು ಕೋಶವು ಕಣ್ಣಿಗೆ ಕಾಣಿಸಿಕೊಡಲಾರದು. ಅದಕ್ಕೆ ಬಲ್ಲವರೊಡನೆ ಹೊರಗೆ ನಡೆಯಬೇಕು. ಪ್ರಕೃತಿತಜ್ಞರ ಮಾರ್ಗದರ್ಶನದ ಪಕ್ಷಿವೀಕ್ಷಣಾ ಪ್ರವಾಸಗಳು ಈ ಕೆಲಸವನ್ನು ಮಾಡುತ್ತಿವೆ. ಅವುಗಳಲ್ಲಿ ಕಡಲತೀರದ ಪ್ರವಾಸದ ರೀತಿಯೇ ಬೇರೆ. ವಿದ್ಯಾರ್ಥಿಗಳನ್ನು ಕರೆದೊಯ್ಯಬಯಸುವ ಅಧ್ಯಾಪಕರು ಅದನ್ನು ಮೊದಲೇ ತಿಳಿದಿರುವುದು ಲೇಸು.

ಒಳನಾಡಿನವರಾದ ನಮಗೆ ಕೆರೆಯ ಹಕ್ಕಿಗಳು ಪರಿಚಿತ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಋತುವನ್ನರಿತು ಹೋದರೆ ಸಾಕು. ಅಳಿವೆಯಲ್ಲಿ ಹಾಗಲ್ಲ, ಅಲ್ಲಿ ಸೂರ್ಯನಿಗಿಂತ ಚಂದ್ರನ ಗಡಿಯಾರ ಮುಖ್ಯ. ಕುಮಟಾದ ಬಳಿ ಕಡಲನ್ನು ಕೂಡುವ ಅಘನಾಶಿನಿಯನ್ನೇ ನೋಡೋಣ. ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ಈ ನದಿಯ ಅಳಿವೆ 2024ರಲ್ಲಿ, ಅದೇ ಮಾಗಡಿ ಕೆರೆ ಹಾಗೂ ಅಂಕಸಮುದ್ರಗಳೊಡನೆ, ರಾಮ್ಸರ್ ಪಟ್ಟಿಗೆ ಸೇರಿತು. ವಿಸ್ತಾರ 4,801 ಹೆಕ್ಟೇರ್. ಕಾಂಡ್ಲಾ ಗಿಡಗಳ ಪೊದರು, ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ನೀರಿಳಿದಾಗ ತೆರೆದುಕೊಳ್ಳುವ ಕೆಸರುಬಯಲು, ಎಲ್ಲವೂ ಇಲ್ಲಿ ಒಂದೆಡೆ ಇವೆ.

ನಾವು ಉಬ್ಬರವಿಳಿತವೆನ್ನುವುದನ್ನು ಕರಾವಳಿಯವರು ಭರತ, ಇಳಿತ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ನೀರೇರುತ್ತದೆ. ಏರುವ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಇಳಿತದಲ್ಲಿ ಹಕ್ಕಿಗಳು ಕೆಸರಿನುದ್ದಕ್ಕೂ ಚದರಿ ಮೇಯುತ್ತವೆ. ದಡದಿಂದ ನೋಡಿದರೆ ಚುಕ್ಕೆಗಳಷ್ಟೆ. ಭರತ ತುಂಬಿದಾಗ ಮೇವಿನ ನೆಲವೇ ಮುಳುಗುವುದರಿಂದ ಮರಳದಿಬ್ಬದಲ್ಲೋ ಗಜನಿಯ ಬದುವಿನ ಮೇಲೋ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ಬಲ್ಲ ಮಾರ್ಗದರ್ಶಕನು ಇವೆರಡರ ನಡುವಣ ಹೊತ್ತನ್ನು ಆರಿಸುತ್ತಾನೆ. ಭರತ ತುಂಬುವುದಕ್ಕೆ ಎರಡು ಗಂಟೆ ಮೊದಲೇ ತಂಡವನ್ನು ತಕ್ಕ ಸ್ಥಳದಲ್ಲಿ ಸುಮ್ಮನೆ ಕೂರಿಸಿದರೆ, ಏರುವ ನೀರೇ ಹಕ್ಕಿಗಳನ್ನು ಸಮೀಪಕ್ಕೆ ಕರೆತರುತ್ತದೆ. ಬೆನ್ನಟ್ಟುವ ಪ್ರಮೇಯವೇ ಇಲ್ಲ. ಇಳಿತ ಕಾದು ಚಿಪ್ಪಿ ಆರಿಸುವ ಅಲ್ಲಿಯ ಹೆಂಗಸರಿಗೆ ಈ ಲೆಕ್ಕ ಯಾವ ಪುಸ್ತಕವೂ ಇಲ್ಲದೆ ಗೊತ್ತು.

ಇನ್ನು ಕೊಕ್ಕುಗಳ ವಿಚಾರ. ಕರ್ಲ್ಯೂ ಎಂಬ ಹಕ್ಕಿಯದು ಕೆಳಬಾಗಿದ ನೀಳ ಕೊಕ್ಕು; ಕೆಸರಿನಾಳದ ಹುಳುವಿಗೂ ಏಡಿಗೂ ಅದು ತಲುಪುತ್ತದೆ. ಅದರ ಶಾಸ್ತ್ರೀಯ ನಾಮದ ಮೊದಲ ಪದ ನ್ಯುಮೇನಿಯಸ್. ಗ್ರೀಕಿನಲ್ಲಿ ಹೊಸ ಚಂದ್ರನೆಂದು ನಿರ್ವಚನ. ಬಿದಿಗೆಯ ಚಂದ್ರನ ವಕ್ರತೆಯನ್ನು ಕೊಕ್ಕಿನಲ್ಲಿ ಕಂಡವನು ಅರ್ಧ ಕವಿಯೇ ಸರಿ! ಪ್ಲೋವರ್ ಹಕ್ಕಿಯದು ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅದು ಓಡಿ, ಥಟ್ಟನೆ ನಿಂತು, ಮೇಲ್ಪದರದಲ್ಲಿ ಕಂಡದ್ದನ್ನು ಹೆಕ್ಕುತ್ತದೆ. ಉಲ್ಲಂಕಿಯ ಜಾತಿಯವು ಕೊಕ್ಕಿನ ತುದಿಯ ಸ್ಪರ್ಶದಿಂದಲೇ ಕಾಣದ ಬೇಟೆಯನ್ನು ಅರಿಯುತ್ತವೆ. ಒಂದೇ ಕೆಸರಿನಲ್ಲಿ ಅನೇಕ ಜಾತಿಗಳು ಹೆಚ್ಚು ಜಗಳವಿಲ್ಲದೆ ಉಣ್ಣುವ ಬಗೆ ಇದು.

ಈ ಉಣಿಸಿನ ಬೆಲೆಯೇನೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು. 2022ರ ಅಕ್ಟೋಬರಿನಲ್ಲಿ, ಹುಟ್ಟಿ ಐದು ತಿಂಗಳಾಗಿದ್ದ ಪಟ್ಟೆಬಾಲದ ಗಾಡ್ವಿಟ್ ಹಕ್ಕಿಯೊಂದು ಅಲಾಸ್ಕದಿಂದ ಟಾಸ್ಮೇನಿಯಕ್ಕೆ 13,560 ಕಿಲೋಮೀಟರ್ ದೂರವನ್ನು ಹನ್ನೊಂದು ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿತು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ನಮ್ಮ ಅಳಿವೆಗೆ ಬರುವ ಹಕ್ಕಿಗಳ ದಾರಿ ಬೇರೆ, ಬುತ್ತಿಯ ನಿಯಮ ಒಂದೇ. ವಿಶ್ರಮಿಸುವ ಹಿಂಡನ್ನು ಮತ್ತೆ ಮತ್ತೆ ಎಬ್ಬಿಸಿದರೆ ಪ್ರಯಾಣಕ್ಕಿರಬೇಕಾದದ್ದು ಅಲ್ಲಿಯೇ ಕರಗುತ್ತದೆ. ಹಾರುವ ಹಿಂಡಿನ ಛಾಯಾಚಿತ್ರಕ್ಕಾಗಿ ಚಪ್ಪಾಳೆ ತಟ್ಟುವವನನ್ನು, ಅವನಿಗೆಷ್ಟೇ ಹೆಸರುಗಳು ಬಾಯಿಗೆ ಬರಲಿ, ನಾನು ಮಾರ್ಗದರ್ಶಕನೆಂದು ಕರೆಯಲಾರೆ. ಪ್ರವಾಸದ ಶುಲ್ಕವನ್ನು ವಿಚಾರಿಸುವ ಮುನ್ನ, ಅಂದಿನ ಭರತ ಎಷ್ಟು ಗಂಟೆಗೆ, ಹಿಂಡಿನಿಂದ ಎಷ್ಟು ದೂರ ನಿಲ್ಲಿಸುವಿರಿ ಎಂಬೆರಡು ಪ್ರಶ್ನೆ ಕೇಳಿದರೆ ಯೋಗ್ಯತೆ ತಿಳಿಯುತ್ತದೆ.

ತಂಡ ಹತ್ತು ಹನ್ನೆರಡು ಮಂದಿಗೆ ಮೀರದಿರಲಿ. ಎರಡು ಮೂರು ದುರ್ಬೀನುಗಳು, ಮುಕ್ಕಾಲಿಯ ಮೇಲಿಟ್ಟ ಒಂದು ದೂರದರ್ಶಕ ಸಾಕು. ದಾನಿಗಳು ಇವನ್ನು ಶಾಲೆಗೆ ಒದಗಿಸಿದರೆ ಹಲವು ವರ್ಷ ಬಾಳುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹಕ್ಕಿಗಳ ಸಂಖ್ಯೆ ಹೆಚ್ಚು, ಬಣ್ಣ ಮಾತ್ರ ಮಾಸಲು. ಏಪ್ರಿಲಿನ ಸುಮಾರಿಗೆ ಹೋದವರಿಗೆ, ಟಿಬೆಟ್, ಲಡಾಖುಗಳ ಎತ್ತರದಲ್ಲಿ ಗೂಡುಕಟ್ಟಲು ಹೊರಟ ಸ್ಯಾಂಡ್ ಪ್ಲೋವರುಗಳ ಬೂದು ಎದೆ ಇಟ್ಟಿಗೆಗೆಂಪಿಗೆ ತಿರುಗಿರುವುದು ಕಾಣಸಿಗುತ್ತದೆ.