ಆಕ್ಟೇನ್ ಹೆಚ್ಚಾದರೆ ಪಿಕಪ್ ಹೆಚ್ಚೇ?

ಹಳೆಯ ಬುಲೆಟ್ಟಿಗೋ ಮಾರುತಿ 800ಕ್ಕೋ "ಪವರ್ ಹಾಕ್ರಿ, ಪಿಕಪ್ ಬರ್ತದ" ಎಂದು ಹೆಚ್ಚು ದುಡ್ಡು ಕೊಟ್ಟು ದುಬಾರಿ ಪೆಟ್ರೋಲ್ ತುಂಬಿಸುವವರು ಯಾದಗಿರಿ, ಶಹಾಪುರದ ಕಡೆಯೂ ಇದ್ದಾರೆ. ಗಾಡಿಯ ಮೇಲಿನ ಅಕ್ಕರೆ ಮೆಚ್ಚತಕ್ಕದ್ದೇ. ಆದರೆ ಆ ಹೆಚ್ಚಿನ ದುಡ್ಡು ಸೈಲೆನ್ಸರಿನ ಹೊಗೆಯಲ್ಲೇ ಹೋಗುತ್ತದೆ.

ಆಕ್ಟೇನ್ ಅಳೆಯುವುದು ಪೆಟ್ರೋಲಿನ ಬಲವನ್ನಲ್ಲ, ತಾಳ್ಮೆಯನ್ನು. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ, ಉರಿ ಒಂದು ಬದಿಯಿಂದ ಹಬ್ಬುತ್ತ ಹೋಗುತ್ತದೆ. ಆ ಉರಿ ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ಶಾಖ, ಒತ್ತಡ ತಾಳಲಾರದೆ ತಾನಾಗಿ ಸಿಡಿದರೆ ತಗಡಿನ ಡಬ್ಬಿಯಲ್ಲಿ ಜೋಳ ಅಲ್ಲಾಡಿಸಿದಂಥ ಸದ್ದು. ಅದೇ ನಾಕಿಂಗ್. ಹಾಗೇ ಬಿಟ್ಟರೆ ಪಿಸ್ಟನ್ನಿನ ತಲೆ ಕೊರೆದುಹೋಗುತ್ತದೆ. ಸುಲಭಕ್ಕೆ ಸಿಡಿಯುವ ಹೆಪ್ಟೇನಿಗೆ 0, ತಡೆದುಕೊಳ್ಳುವ ಐಸೊ-ಆಕ್ಟೇನಿಗೆ 100 ಅಂಕ ಕೊಟ್ಟು ಈ ಅಳತೆಗೋಲು ಮಾಡಿದ್ದಾರೆ.

ಎಷ್ಟು ತಾಳ್ಮೆ ಬೇಕು ಎಂಬುದು ಎಂಜಿನ್ ಎಷ್ಟು ಒತ್ತುತ್ತದೆ ಎಂಬುದರ ಮೇಲೆ ನಿಂತಿದೆ. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ 350 ಮಿಶ್ರಣವನ್ನು ಒತ್ತುವುದು ಸುಮಾರು 6.5 ಪಟ್ಟು ಮಾತ್ರ. ಕಾರ್ಬ್ಯುರೇಟರಿನ ಮಾರುತಿ 800 ಸುಮಾರು 8.7 ಪಟ್ಟು. ಈಚಿನ ಪೆಟ್ರೋಲ್ ಕಾರುಗಳಲ್ಲಿ 11, 12 ಪಟ್ಟು ಸಾಮಾನ್ಯ. ಅಂದಮೇಲೆ ಹಳೆಯ ಬುಲೆಟ್ಟಿಗೆ 100 ಆಕ್ಟೇನ್ ಕುಡಿಸಿದರೆ ಪಿಕಪ್ಪಿನಲ್ಲಿ ಬರುವ ಲಾಭ ಏನೂ ಇಲ್ಲ. (ಬೊಲೆರೊ, ಹಳೆಯ ಡೀಸೆಲ್ ಜೀಪಿನವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲೇಬೇಕು, ಅದರ ಲೆಕ್ಕವೇ ತಿರುಗುಮುರುಗು.)

ಹಾಗಾದರೆ ಮೇ ತಿಂಗಳ ಬಿಸಿಲಲ್ಲಿ, ಮೂವರನ್ನು ಕೂರಿಸಿಕೊಂಡು, ಟಾಪ್ ಗೇರಿನಲ್ಲೇ ಸುರಪುರದ ಗುಡ್ಡದ ಏರು ಹತ್ತುವಾಗ ಹಳೆಯ ಕಾರು ಕಟಕಟ ಅನ್ನುವುದೇಕೆ? ಒಳಹೋಗುವ ಗಾಳಿಯೇ ಕಾದಿರುತ್ತದೆ, ಎಂಜಿನ್ನಿನ ಮೇಲೆ ಭಾರ, ವೇಗ ಕಡಿಮೆ. ಸಿಡಿಯಲು ಮಿಶ್ರಣಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಮೊದಲು ಗೇರ್ ಇಳಿಸಿ. ಆಮೇಲೂ ನಿಲ್ಲದಿದ್ದರೆ ಕಿಡಿಯ ಟೈಮಿಂಗ್ ಅತಿಯಾಗಿ ಅಡ್ವಾನ್ಸ್ ಆಗಿದೆಯೇ, ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿದೆಯೇ ನೋಡಿಸಬೇಕು. ಕಾರ್ಬನ್ ಜಾಗ ತಿಂದು ಕಂಪ್ರೆಷನ್ ಏರಿಸುತ್ತದೆ, ಕೆಂಡದಂತೆ ಕಾದೂ ಕೂರುತ್ತದೆ. ಬಿಡಿಯಾಗಿ ಕೊಂಡ ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದ್ದರೂ ಇದೇ ಸದ್ದು, ಅದರ ಆಕ್ಟೇನ್ ತೀರಾ ಕಡಿಮೆ.

ಟ್ಯೂನ್ ಮಾಡಿಸಿದ ಗಾಡಿಯ ಮಾತು ಬೇರೆ. ಹೆಡ್ ಸವೆಸಿ ಕಂಪ್ರೆಷನ್ ಏರಿಸಿದವರು, ಟರ್ಬೊ ಕಾರಿನ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ರೀಮ್ಯಾಪ್ ಮಾಡಿಸಿ ಬೂಸ್ಟ್ ಹೆಚ್ಚಿಸಿಕೊಂಡವರು ಹೆಚ್ಚಿನ ಆಕ್ಟೇನಿಗೆ ದುಡ್ಡು ಕೊಡಲೇಬೇಕು. ಇಂಡಿಯನ್ ಆಯಿಲ್ 2020ರಲ್ಲಿ ತಂದ 100 ಆಕ್ಟೇನಿನ ಪೆಟ್ರೋಲ್ ಎಕ್ಸ್‌ಪಿ100 ಇಂಥವರಿಗೆ ಒದಗುತ್ತದೆ. ಅದು ಸಿಗುವುದು ಆಯ್ದ ಬಂಕುಗಳಲ್ಲಿ. ಬೆಂಗಳೂರಿನಲ್ಲಿ 100 ಆಕ್ಟೇನಿಗೆ ಟ್ಯೂನ್ ಮಾಡಿಸಿದ ಕಾರು ಹಬ್ಬಕ್ಕೆ ಸುರಪುರಕ್ಕೆ ಬಂದು ಇಲ್ಲಿ ಸಿಕ್ಕಿದ್ದನ್ನು ಕುಡಿದರೆ, ನಾಕ್ ಸೆನ್ಸರ್ ಕಿಡಿಯನ್ನು ಹಿಂದೆ ಸರಿಸಿ ಕಾಪಾಡಬಹುದು. ಅದಕ್ಕೂ ಮಿತಿ ಇದೆ. ಊರಿನ ಪೆಟ್ರೋಲಿಗೆ ಹೊಂದುವ ಮ್ಯಾಪ್ ಹಾಕಿಸಿಕೊಳ್ಳುವುದೇ ಜಾಣತನ.

ಆಕ್ಟೇನಿಗೂ ಪೆಟ್ರೋಲಿನಲ್ಲಿರುವ ಶಕ್ತಿಗೂ ಸಂಬಂಧವಿಲ್ಲ ಎನ್ನುವುದಕ್ಕೆ ಪುರಾವೆ ಇವತ್ತಿನ ಸಾದಾ ಪೆಟ್ರೋಲೇ. ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಕೊಟ್ಟ ಲೆಕ್ಕದಂತೆ ಹಿಂದೆ 88 ಇದ್ದ ಆಕ್ಟೇನ್ ಆಮೇಲೆ 91 ಆಯಿತು, ಶೇ. 20 ಎಥನಾಲ್ ಬೆರೆತ ಮೇಲೆ 95. ಆಕ್ಟೇನ್ ಏರಿತು, ಮೈಲೇಜ್ ಇಳಿಯಿತು. ಏಕೆಂದರೆ ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ.

ಹಳೆಯ ಗಾಡಿಗೆ ಈಗ ತೊಂದರೆ ಇರುವುದು ಆ ಎಥನಾಲಿನಿಂದ. ಹಳೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಟ್ಯಾಂಕಿನ ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಪವರ್ ಪೆಟ್ರೋಲಿಗೆ ಕೊಡುವ ಹೆಚ್ಚುವರಿ ದುಡ್ಡನ್ನು ಕೂಡಿಟ್ಟು ಎಥನಾಲ್ ತಾಳುವ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ವಾಷರ್ ಕಿಟ್ಟು ಹಾಕಿಸಿ. ಪೈಪನ್ನು ಬೆರಳಲ್ಲಿ ಬಾಗಿಸಿದಾಗ ಸಣ್ಣ ಬಿರುಕು ಕಂಡರೆ ಅವತ್ತೇ ಬದಲಿಸಬೇಕು, ಅದರ ಕೆಳಗೇ ಕಾದ ಎಂಜಿನ್ ಇರುತ್ತದೆ.