ಸಿಂಕಿನ ಕೆಳಗಿನ ಸಂದು

ಮುಂಬಯಿಯ ಮನೆಗಳಲ್ಲಿ ದಿನಕ್ಕೆ ಹತ್ತಾರು ಬಾರಿ ಬಳಕೆಯಾಗುವ, ಆದರೆ ವರ್ಷಕ್ಕೊಮ್ಮೆಯೂ ಯಾರೂ ಬಗ್ಗಿ ನೋಡದ ಸ್ಥಳವೊಂದಿದೆ. ಅಡುಗೆಕಟ್ಟೆಯ ಕೆಳಗೆ, ಸಿಂಕಿನ ನೀರು ಗೋಡೆಯ ಕೊಳವೆಯನ್ನು ಸೇರುವ ಮೂಲೆಯೇ ಅದು. ಇದಕ್ಕಾಗಿ ಗೃಹಿಣಿಯರನ್ನು ದೂರುವಂತಿಲ್ಲ. ಗೃಹಸ್ಥರಾದ ನಾವು ಮಾತ್ರ ನೋಡಿದ್ದೇವೆಯೆ?

ಜೋಗೇಶ್ವರಿ ಪೂರ್ವದಲ್ಲಿರುವ ನಮ್ಮ ಸೊಸೈಟಿಯ ಕಟ್ಟಡದಲ್ಲಿ, ಎರಡು ಮಳೆಗಾಲಗಳ ಹಿಂದೆ, ಕೆಳಗಿನ ಮನೆಯ ಮರಾಠಿ ಆಜಿ ನಮ್ಮ ಬಾಗಿಲು ತಟ್ಟಿ, ತಮ್ಮ ಅಡುಗೆಮನೆಯ ಗೋಡೆ ಒದ್ದೆಯಾಗಿದೆಯೆಂದು ತಿಳಿಸಿದರು. ಮಳೆಗಾಲವಲ್ಲವೆ, ಹೊರಗೋಡೆ ಸೋರುತ್ತಿರಬೇಕೆಂದು ಸಮಾಧಾನ ಹೇಳಿ ಕಳುಹಿಸಿದೆ. ದೀಪಾವಳಿ ಕಳೆದು ಬಿಸಿಲು ಬಲಿತರೂ ಆ ಒದ್ದೆ ಆರಲಿಲ್ಲ. ಗೋಡೆಯ ಮೇಲೆ ಕಪ್ಪು ಬೂಷ್ಟು ಹಬ್ಬಿತು. ಆಕೆಯ ಮೊಮ್ಮಗನಿಗೆ ಮೊದಲೇ ಇದ್ದ ಉಬ್ಬಸ ರಾತ್ರಿಯ ಹೊತ್ತು ಹೆಚ್ಚಾಗತೊಡಗಿತು. ಆಗ ನಾಚಿಕೆಯಾಗಿ ನಮ್ಮ ಸಿಂಕಿನ ಕೆಳಗಿನ ಡಬ್ಬಗಳನ್ನೆಲ್ಲ ಸರಿಸಿ, ಟಾರ್ಚು ಹಿಡಿದು ನೋಡಿದೆ. ಸಿಂಕಿನಿಂದ ಇಳಿದ ಸುರುಳಿ ಪೈಪನ್ನು ಗೋಡೆಯ ಕೊಳವೆಯೊಳಗೆ ಸುಮ್ಮನೆ ತೂರಿಸಿ, ಸುತ್ತಲೂ ಬಿಳಿ ಸಿಮೆಂಟು ಮೆತ್ತಲಾಗಿತ್ತು. ಸಿಮೆಂಟು ಬಿರುಕುಬಿಟ್ಟು ಅರ್ಧ ಉದುರಿತ್ತು. ಆ ಸಂದಿನಿಂದ ಜಿರಲೆಯೊಂದರ ಮೀಸೆ ಹೊರಗೆ ಆಡುತ್ತಿತ್ತು.

ಉಬ್ಬಸಕ್ಕೆ ನಮ್ಮ ಪೈಪೇ ಕಾರಣವೆಂದು ಯಾವ ವೈದ್ಯರೂ ಹೇಳಲಿಲ್ಲ; ನಾನೂ ಹೇಳಲಾರೆ. ಆದರೆ ಮನೆಯೊಳಗಿನ ತೇವ ಹಾಗೂ ಬೂಷ್ಟು ಉಬ್ಬಸವನ್ನು ಕೆರಳಿಸುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಎಚ್ಚರಿಸಿದೆ. ಜಿರಲೆಯ ಹಿಕ್ಕೆ, ಪೊರೆಗಳ ಧೂಳು ನಗರದ ಮಕ್ಕಳ ಉಬ್ಬಸವನ್ನು ಉಲ್ಬಣಗೊಳಿಸುವುದನ್ನು ಅಮೆರಿಕದ ವೈದ್ಯರು 1997ರಲ್ಲಿಯೇ ತೋರಿಸಿಕೊಟ್ಟಿದ್ದರು. ನಮ್ಮ ಸಂದಿನಲ್ಲಿ ತೇವವೂ ಇತ್ತು, ಜಿರಲೆಯೂ ಇತ್ತು.

ಮೋರಿಯ ದುರ್ಗಂಧವೇ ರೋಗವೆಂಬ ನಂಬಿಕೆ ಈ ನಗರದಲ್ಲಿ ಹಳೆಯದು. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗಲೂ ಅನೇಕರ ಸಂಶಯ ಮೊದಲು ಹರಿದದ್ದು ಚರಂಡಿಗಳತ್ತ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ಕೊಳವೆಯ ವಾಸನೆಗಿಂತಲೂ ಆ ದಾರಿಯಲ್ಲಿ ನಡೆದು ಬರುವ ಜೀವಿಗಳಿಗೆ ನಾವು ಹೆಚ್ಚು ಅಂಜಬೇಕು. ನೆಲಮಹಡಿಯಲ್ಲಿ ವಾಸಿಸುವವರ ಮನೆಗೆ ಇದೇ ಸಂದಿನಿಂದ ಇಲಿಯೂ ಬರಬಹುದು.

ಇನ್ನು ಕೆಲಸದ ಮಾತು. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಲೆಕ್ಕ ನೋಡುವ ನಾನು ಇದನ್ನು ಕಲಿತದ್ದು ನೆಲದ ಮೇಲೆ ಮಲಗಿ, ಕತ್ತು ನೋಯಿಸಿಕೊಂಡು. ಸಿಂಕಿನ ಪೈಪು ಸಾಮಾನ್ಯವಾಗಿ 32 ಅಥವಾ 40 ಮಿಲಿಮೀಟರ್ ಅಳತೆಯದು. ಗೋಡೆಯ ಕೊಳವೆ 50 ಅಥವಾ ಅದಕ್ಕಿಂತಲೂ ದೊಡ್ಡದು. ಸಂದು ಹುಟ್ಟುವುದು ಈ ವ್ಯತ್ಯಾಸದಿಂದಲೇ. ಅದನ್ನು ಬಟ್ಟೆ ತುರುಕಿಯೋ ಸಿಮೆಂಟು ಮೆತ್ತಿಯೋ ಮುಚ್ಚುವುದು ರೂಢಿ. "ಎಲ್ಲ ಕಡೆ ಹೀಗೇ ಸಾಹೇಬ" ಎಂದು ನಮ್ಮ ಮನೆಗೆ ಬಂದ ಪ್ಲಂಬರನೂ ಹೇಳಿದ. ಆದರೆ ಬಾಗುವ ಪ್ಲಾಸ್ಟಿಕ್ಕಿಗೆ ಸಿಮೆಂಟು ಅಂಟುವುದಿಲ್ಲ; ಡಬ್ಬ ತಗುಲಿ ಪೈಪು ಒಮ್ಮೆ ಅಲುಗಿದರೆ ಸಾಕು, ಬಿರುಕು ಬೀಳುತ್ತದೆ.

ಈ ಎರಡು ಅಳತೆಗಳ ನಡುವೆ ಕೂರುವ ರಬ್ಬರಿನ ಬಿರಡೆಯಂಥ ಬಳೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತದೆ. ಗೋಡೆಯ ಕೊಳವೆಯ ಒಳವ್ಯಾಸವನ್ನೂ ಸಿಂಕಿನ ಪೈಪಿನ ಹೊರವ್ಯಾಸವನ್ನೂ ಅಳೆದು ಬರೆದುಕೊಂಡು ಹೋಗಬೇಕು. ಕಣ್ಣಂದಾಜು ಇಲ್ಲಿ ನಡೆಯದು. ಹಳೆಯ ಸಿಮೆಂಟನ್ನು ಕೆರೆದು, ಜಿಡ್ಡನ್ನು ಸೋಪಿನಿಂದ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಬಳೆಯನ್ನು ಬಿಗಿಯಾಗಿ ಕೂರಿಸಿ, ಅದರೊಳಗೆ ಪೈಪನ್ನು ಒಂದೆರಡು ಅಂಗುಲ ಮಾತ್ರ ತೂರಿಸಬೇಕು. ಹೆಚ್ಚು ತಳ್ಳಿದರೆ ತುದಿ ಒಳಗಿನ ತಿರುವಿಗೆ ತಾಗಿ ನೀರು ಕಟ್ಟಿಕೊಳ್ಳುತ್ತದೆ. ಹೊರ ಅಂಚಿಗೆ ಸಿಲಿಕೋನ್ ಹಚ್ಚುವುದಾದರೆ ಒಂದು ಹಗಲು, ಒಂದು ರಾತ್ರಿ ಸಿಂಕಿಗೆ ನೀರು ಬಿಡಕೂಡದು. ಎಂ-ಸೀಲ್ ಗಟ್ಟಿ ಕೊಳವೆಯ ಬಿರುಕಿಗೆ ಒಳ್ಳೆಯದು, ಆದರೆ ಮುಂದೆ ಬಿಚ್ಚಿ ಶುಚಿಮಾಡಬೇಕಾದ ಜಾಗಕ್ಕೆ ಸಲ್ಲದು.

ಇದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಸಂದಿನಿಂದ ನೀರು ಹಿಮ್ಮರಳಿ ಸುರಿಯುತ್ತಿದ್ದರೆ ಗೋಡೆಯೊಳಗಿನ ಕೊಳವೆ ಜಿಡ್ಡಿನಿಂದ ಕಟ್ಟಿದೆಯೆಂದೇ ಅರ್ಥ. ನಮ್ಮಲ್ಲಿ ಆಗಿದ್ದುದೂ ಅದೇ. ಅದನ್ನು ತೆಗೆಸದೆ ಬಾಯಿ ಮುಚ್ಚಿದರೆ ನೀರು ಬೇರೆ ಬಿರುಕು ಹುಡುಕುತ್ತದೆ. ಕೊನೆಗೆ ಸಿಂಕಿನ ತುಂಬ ನೀರು ನಿಲ್ಲಿಸಿ, ಕೆಳಗೆ ಒಣ ವೃತ್ತಪತ್ರಿಕೆ ಹಾಸಿ, ಒಮ್ಮೆಗೇ ಬಿಟ್ಟು ನೋಡಬೇಕು. ಕಾಗದದ ಮೇಲೆ ಒಂದು ಹನಿ ಬಿದ್ದರೂ ತಿಳಿದುಬಿಡುತ್ತದೆ.

ಸಂದು ಮುಚ್ಚಿದೊಡನೆ ಎಲ್ಲವೂ ಮುಗಿಯಿತೆನ್ನುವಂತಿಲ್ಲ. ಕೊಳವೆಯ ಒಳದಾರಿ ತೆರೆದೇ ಇರುತ್ತದೆ. ಅದನ್ನು ತಡೆಯುವುದು ಟ್ರ್ಯಾಪಿನಲ್ಲಿ ನಿಂತ ಎರಡು ಮೂರು ಅಂಗುಲದ ನೀರು. ಶೌಚಾಲಯಕ್ಕೆ ಇಂಥ ಡೊಂಕು ಕೊಳವೆಯನ್ನು ಅಳವಡಿಸಿ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಲಂಡನ್ನಿನ ಗಡಿಯಾರದ ಕುಶಲಕರ್ಮಿ! ಆ ನೀರು ಒಣಗಿದರೆ ಏನಾದೀತೆಂಬುದಕ್ಕೆ 2003ರಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯ ಸಾಕ್ಷಿಯಾಯಿತು. ಅಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗುಲಿತು. ಸ್ನಾನಗೃಹದ ನೆಲದ ಟ್ರ್ಯಾಪುಗಳು ಒಣಗಿದ್ದರಿಂದ ರೋಗಾಣುಗಳು ಕೊಳವೆಯ ಮೂಲಕ ಮನೆಯಿಂದ ಮನೆಗೆ ಸಾಗಿರಬೇಕೆಂದು ತನಿಖೆ ಸೂಚಿಸಿತು. ಅದು ಶೌಚದ ಕೊಳವೆಯ ಕಥೆ. ನಮ್ಮ ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಯ ಕೊಳವೆ ಬೇರೆಯೇ ಇರುವುದರಿಂದ ಗಾಬರಿ ಬೇಡ. ಆದರೂ ಸಿಂಕಿನ ಕೆಳಗೆ ಟ್ರ್ಯಾಪ್ ಇದೆಯೋ, ಬರಿಯ ನೇರ ಪೈಪೋ ಎಂದು ಒಮ್ಮೆ ನೋಡಿಕೊಳ್ಳುವುದು ಮೇಲು.

ಮೇ ತಿಂಗಳಲ್ಲಿ ಬೀಗ ಹಾಕಿ ಊರಿಗೆ ಹೊರಡುವ ನಮ್ಮಂಥವರಿಗೆ ಇದು ಮುಖ್ಯ. ಹೊರಡುವ ದಿನ ಸಿಂಕಿಗೂ ಬಚ್ಚಲಿನ ನಹಾಣಿ ಟ್ರ್ಯಾಪಿಗೂ ಒಂದೊಂದು ತಂಬಿಗೆ ನೀರು ಹೊಯ್ದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ. ಆಜಿಯ ಗೋಡೆ ಒಣಗಲು ಮೂರು ತಿಂಗಳು ಹಿಡಿಯಿತು; ಬಣ್ಣದ ಖರ್ಚು ನಾವು ಕೊಟ್ಟೆವು. ಈಗ ನಾವು ಊರಿಗೆ ಹೊರಟಾಗ ಮನೆಯ ಬೀಗದ ಕೈ ಅವರ ಬಳಿಯೇ ಇರುತ್ತದೆ. ವಾರಕ್ಕೊಮ್ಮೆ ಮೇಲೆ ಬಂದು ನಮ್ಮ ಟ್ರ್ಯಾಪುಗಳಿಗೆ ನೀರು ಹೊಯ್ಯುವವರು ಅವರೇ.